ಆಸ್ಟ್ರೇಲಿಯಾ ವೀಸಾ ಫೈಲು ಕೂತಲ್ಲೇ ಕೂತಿದೆಯಾ? ಕರಾವಳಿಯವರಿಗೆ ಒಂದು ಮಾರ್ಗದರ್ಶಿ

ನನ್ನ ತಮ್ಮನ ಫೈಲು 22 ತಿಂಗಳು ಕೂತಿತ್ತು. ಅವನು ಶೆಫ್. ಆಸ್ಟ್ರೇಲಿಯಾದ 190 ವೀಸಾಕ್ಕೆ ಹಾಕಿದ್ದ. ಕಾಗದಪತ್ರ ಸ್ಕ್ಯಾನ್ ಮಾಡುವುದು, ಅಪ್‌ಲೋಡ್ ಮಾಡುವುದು, ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದು ಎಲ್ಲ ನನ್ನ ಪಾಲಿಗೆ ಬಂತು. ಆ 22 ತಿಂಗಳಲ್ಲಿ ಬ್ರಹ್ಮಾವರ, ಉಡುಪಿ ಸುತ್ತಮುತ್ತ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಿದ್ದರು, "ಎಂತ, ತಮ್ಮನಿಗೆ ಇನ್ನೂ ಆಗ್ಲಿಲ್ವಾ?"

ವೀಸಾ ಬಂದ ಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. 22ರಲ್ಲಿ ಸುಮಾರು 7 ತಿಂಗಳು ನಾವೇ ಕೈಯಾರೆ ಮಾಡಿಕೊಂಡದ್ದು. ಉಳಿದದ್ದು ಅವರ ಕ್ಯೂ. ಕ್ಯೂ ಮುಂದೆ ತಳ್ಳಲು ನಮ್ಮಿಂದ ಆಗುವುದಿಲ್ಲ. ಆ 7 ತಿಂಗಳು ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಏಜೆಂಟ್ ಅಲ್ಲ. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ದುಡ್ಡು ಕಟ್ಟುವ ಮೊದಲು ಆಸ್ಟ್ರೇಲಿಯಾದ ಹೋಮ್ ಅಫೇರ್ಸ್ ಇಲಾಖೆಯ ಸೈಟನ್ನು ಒಮ್ಮೆ ನೀವೇ ಓದಿ.

ಮೊದಲು, ಯಾವ ಕ್ಯೂನಲ್ಲಿ ನಿಂತಿದ್ದೀರಿ ಅಂತ ನೋಡಿ

"ವೀಸಾ ಲೇಟು" ಅಂತ ನಾವು ಹೇಳುವುದರಲ್ಲಿ ಎರಡು ಬೇರೆ ಬೇರೆ ಕಾಯುವಿಕೆ ಉಂಟು. ಇನ್ವಿಟೇಶನ್, ಅಂದರೆ ನೀವು ಅರ್ಜಿ ಹಾಕಬಹುದು ಅಂತ ಅಲ್ಲಿಂದ ಕರೆ, ಬರುವವರೆಗೆ ಕಾಯುವುದು ಒಂದು. ಇನ್ವಿಟೇಶನ್ ಬಂದು, ದುಡ್ಡು ಕಟ್ಟಿ, ಅರ್ಜಿ ಹಾಕಿದ ಮೇಲೆ ಕಾಯುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ.

189 ಅಂದರೆ ಯಾರ ಹಂಗೂ ಇಲ್ಲದ ವೀಸಾ, 190 ಅಂದರೆ ಒಂದು ರಾಜ್ಯ ನಿಮ್ಮನ್ನು ಆರಿಸಿಕೊಂಡದ್ದು, 491 ಅಂದರೆ ದೊಡ್ಡ ನಗರಗಳ ಹೊರಗಿನ ಪ್ರದೇಶಕ್ಕೆ ತಾತ್ಕಾಲಿಕವಾಗಿ ಕೊಡುವುದು. ಮೂರಕ್ಕೂ ಸ್ಕಿಲ್‌ಸೆಲೆಕ್ಟ್‌ನಲ್ಲಿ (ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಮೊದಲು ಇಒಐ, ಅಂದರೆ ಬರಲು ಆಸಕ್ತಿ ಉಂಟು ಅಂತ ತಿಳಿಸುವ ನಮೂನೆ, ಹಾಕಬೇಕು. 2012ರ ಜುಲೈಯಿಂದ ಇದೇ ಪದ್ಧತಿ. ವಯಸ್ಸು, ಇಂಗ್ಲಿಷ್, ಅನುಭವ ಇಂಥವಕ್ಕೆ ಕೊಡುವ ಪಾಯಿಂಟ್ ಕನಿಷ್ಠ 65 ಬೇಕು. ಆದರೆ 65 ಇದ್ದ ಮಾತ್ರಕ್ಕೆ ಕರೆ ಬರುತ್ತದೆ ಅಂತ ಇಲ್ಲ, ಜಾಸ್ತಿ ಪಾಯಿಂಟ್ ಇದ್ದವರನ್ನು ಮೊದಲು ಕರೆಯುತ್ತಾರೆ. ಇಒಐ 2 ವರ್ಷ ಜೀವಂತ ಇರುತ್ತದೆ.

ಈ ಮೊದಲ ಕಾಯುವಿಕೆಯಲ್ಲಿ ಕ್ಯಾಲೆಂಡರೇ ನಿಮ್ಮ ಶತ್ರು. 25ರಿಂದ 32 ವರ್ಷದವರಿಗೆ ವಯಸ್ಸಿಗೆ 30 ಪಾಯಿಂಟ್. 33 ತುಂಬಿದ ದಿನ ಅದು 25 ಆಗುತ್ತದೆ. 40 ತುಂಬಿದರೆ 15. 45 ತುಂಬಿದ ಮೇಲೆ ಕರೆಯೇ ಬರುವುದಿಲ್ಲ. ಇಂಗ್ಲಿಷ್ ಪರೀಕ್ಷೆಯ ಅಂಕ 3 ವರ್ಷಕ್ಕೆ ಮುಗಿಯುತ್ತದೆ. ಸ್ಕಿಲ್ ಅಸೆಸ್‌ಮೆಂಟ್ (ನಿಮ್ಮ ಕೆಲಸದ ಅರ್ಹತೆ ಪರಿಶೀಲಿಸಿ ಅಲ್ಲಿಯ ಸಂಸ್ಥೆ ಕೊಡುವ ಪತ್ರ) ಕೂಡ ಹೆಚ್ಚೆಂದರೆ 3 ವರ್ಷ. ಈ ಮೂರು ತಾರೀಕನ್ನು ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಕರೆ ಬಂದ ದಿನ ಇದೆಲ್ಲ ಹೆಪ್ಪುಗಟ್ಟಿದ ಹಾಗೆ. ಆವತ್ತಿನ ವಯಸ್ಸು, ಆವತ್ತಿನ ಪಾಯಿಂಟ್. ಅರ್ಜಿ ಹಾಕಲು 60 ದಿನ ಕೊಡುತ್ತಾರೆ. ಆಮೇಲೆ ಫೈಲು ಎಷ್ಟು ವರ್ಷ ಕೂತರೂ, ನಿಮಗೆ 40 ತುಂಬಿದರೂ ಪಾಯಿಂಟ್ ಕಡಿಮೆ ಆಗುವುದಿಲ್ಲ. ಇದು ಗೊತ್ತಿಲ್ಲದೆ ನನ್ನ ತಮ್ಮ ಅರ್ಜಿ ಹಾಕಿದ ಮೇಲೂ ಹುಟ್ಟುಹಬ್ಬ ಹತ್ತಿರ ಬಂದಾಗ ನಿದ್ದೆಗೆಟ್ಟಿದ್ದ.

ಎರಡನೇ ಕಾಯುವಿಕೆ ಯಾಕೆ ಉದ್ದ ಆಗುತ್ತದೆ? ಆಸ್ಟ್ರೇಲಿಯಾ ಒಂದು ವರ್ಷಕ್ಕೆ ಇಷ್ಟೇ ಜನ ಅಂತ ಲೆಕ್ಕ ಇಟ್ಟಿರುತ್ತದೆ. ಅವರ ವರ್ಷ ಜುಲೈಯಿಂದ ಜೂನ್. 2024-25ಕ್ಕೆ ಒಟ್ಟು 1,85,000 ಸೀಟು, ಅದರಲ್ಲಿ ಸ್ಕಿಲ್ ವಿಭಾಗಕ್ಕೆ 1,32,200. ನಿಮ್ಮ ವಿಭಾಗದ ಸೀಟು ತುಂಬಿದರೆ, ಎಲ್ಲ ಸರಿ ಇರುವ ಫೈಲು ಕೂಡ ಹೊಸ ವರ್ಷದವರೆಗೆ ಕಾಯಬೇಕು. ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ವರ್ಷದ ಲೆಕ್ಕ ಮುಗಿಯುತ್ತಿರುತ್ತದೆ. ಮೇ, ಜೂನ್‌ನಲ್ಲಿ ಸದ್ದಿಲ್ಲದಿದ್ದರೆ ಗಾಬರಿ ಬೇಡ.

ಇನ್ನೊಂದು ಕಾರಣ, ಕ್ಯೂ ನೇರ ಇಲ್ಲ. ಯಾವ ಕೆಲಸದವರ ಫೈಲು ಮೊದಲು ನೋಡಬೇಕು ಅಂತ ಅಲ್ಲಿಯ ಮಂತ್ರಿ ಲಿಖಿತ ಸೂಚನೆ ಕೊಡುತ್ತಾರೆ. 2022ರ ಅಕ್ಟೋಬರ್ 28ರಂದು ಬಂದ ಡೈರೆಕ್ಷನ್ 100 ಎನ್ನುವ ಸೂಚನೆಯಲ್ಲಿ ಆರೋಗ್ಯ ಮತ್ತು ಶಿಕ್ಷಣ ಕ್ಷೇತ್ರದವರಿಗೆ ಮೊದಲ ಸಾಲು ಸಿಕ್ಕಿತು. ಆಮೇಲೂ ಈ ಸೂಚನೆಗಳು ಬದಲಾಗಿವೆ. ನಮ್ಮ ಪಕ್ಕದ ಮನೆಯ ನರ್ಸ್ ಹುಡುಗಿ ತಮ್ಮನಿಗಿಂತ 5 ತಿಂಗಳು ತಡವಾಗಿ ಹಾಕಿ, ಅವನಿಗಿಂತ ಒಂದು ವರ್ಷ ಮೊದಲೇ ಹೋದಳು. ಅಮ್ಮನಿಗೆ ಅದನ್ನು ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. "ಅವಳಿಗೆ ಬಂತು, ಇವನಿಗೆ ಯಾಕಿಲ್ಲ, ಎಂತ ತಪ್ಪು ಮಾಡಿದ್ದೀರಿ?"

ಹೆಸರು, ಊರು, ಬ್ಯಾಂಕು: ಒಂದು ಪುಟದ ಕಾಗದ

ನಾನು ಕಂಡಂತೆ ನಮ್ಮ ಕಡೆಯ ಫೈಲುಗಳು ಮೊದಲು ಎಡವುವುದು ಇಲ್ಲಿ. ಅರ್ಜಿ ಹಾಕುವ ಮೊದಲೇ ಕೂತು ಮಾಡಬೇಕಾದ ಕೆಲಸ.

ಕರಾವಳಿಯಲ್ಲಿ ಒಬ್ಬ ಮನುಷ್ಯನಿಗೆ ಕಡಿಮೆ ಅಂದರೆ ಮೂರು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದದ್ದು, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರೂ ಸೇರಿಸಿದ್ದು. ಡಿಸೋಜ ಮನೆತನದವರಿಗೆ ಇನ್ನೂ ಒಂದು ಪೀಕಲಾಟ. ಚರ್ಚಿನ ದಾಖಲೆಯಲ್ಲಿ ಡಿ ಆದ ಮೇಲೆ ಮೇಲ್ಚುಕ್ಕೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಜಾಗ ಬಿಟ್ಟು, ಪಾಸ್‌ಪೋರ್ಟಿನಲ್ಲಿ ಎಲ್ಲ ಅಂಟಿಸಿ. ತಾಯಿಯ ಕಡೆಯಿಂದ ಮನೆತನ ಬರುವ ಅಳಿಯಕಟ್ಟಿನ ಮನೆಗಳಲ್ಲಿ ಅಪ್ಪ ಹೆಗ್ಡೆ, ಮಗ ಶೆಟ್ಟಿ ಇರಬಹುದು. ಇಲ್ಲಿ ಯಾರಿಗೂ ಅದು ವಿಚಿತ್ರ ಅಲ್ಲ. ಅಡಿಲೇಡ್‌ನಲ್ಲಿ ಕೂತು ಫೈಲು ನೋಡುವ ಆಫೀಸರಿಗೆ ಅದು ಇಬ್ಬರು ಬೇರೆ ಮನುಷ್ಯರು.

ಊರಿನ ಹೆಸರೂ ಹಾಗೇ. ಮಂಗಳೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟ್ 25ರಂದು. ನನ್ನ ತಮ್ಮ ಹುಟ್ಟಿದ್ದು ಅದಕ್ಕಿಂತ ಮೊದಲು. ಹಾಗಾಗಿ ಅವನ ಜನನ ಪತ್ರದಲ್ಲಿ ದಕ್ಷಿಣ ಕನ್ನಡ, ಪಾಸ್‌ಪೋರ್ಟಿನಲ್ಲಿ ಉಡುಪಿ. ಮನೆ ಒಂದೇ, ಬಾವಿ ಒಂದೇ, ಜಿಲ್ಲೆ ಎರಡು.

ಬ್ಯಾಂಕಿನದು ಯಾರೂ ಯೋಚಿಸದ ವಿಷಯ. ಸಂಬಳದ ಪುರಾವೆಗೆ ಹಳೆಯ ಸ್ಟೇಟ್‌ಮೆಂಟ್ ಕೊಡಬೇಕಲ್ವಾ? ನಮ್ಮ ಜಿಲ್ಲೆಗಳ ಅರ್ಧ ಖಾತೆಗಳು ಇದ್ದದ್ದು ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳಲ್ಲಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾಕ್ಕೆ, ಕಾರ್ಪೊರೇಷನ್ ಅದೇ ದಿನ ಯೂನಿಯನ್ ಬ್ಯಾಂಕಿಗೆ. ಈಗ 2017ರ ಸಂಬಳದ ಸ್ಟೇಟ್‌ಮೆಂಟ್ ತೆಗೆಸಿದರೆ ಮೇಲೆ ಕೆನರಾ ಬ್ಯಾಂಕ್ ಅಂತ ಬರುತ್ತದೆ, ಪೇಸ್ಲಿಪ್‌ನಲ್ಲಿ ಸಿಂಡಿಕೇಟ್ ಅಂತ ಇರುತ್ತದೆ. ಅಡಿಲೇಡ್‌ನ ಆಫೀಸರಿಗೆ ಇದೂ ಎರಡು ಬೇರೆ ಬ್ಯಾಂಕ್.

ಇದಕ್ಕೆಲ್ಲ ನಾವು ಒಂದು ಪುಟದ ವಿವರಣೆ ಬರೆದೆವು. ಎಡಗಡೆ ದಾಖಲೆ, ನಡುವೆ ಅದರಲ್ಲಿ ಇರುವ ಹೆಸರು ಅಥವಾ ಊರು, ಬಲಗಡೆ ಕಾರಣ ಮತ್ತು ತಾರೀಕು. ಜೊತೆಗೆ ಇವರೆಲ್ಲ ಒಬ್ಬರೇ ಅಂತ ನೋಟರಿ ಮಾಡಿಸಿದ ಅಫಿಡವಿಟ್. ಅರ್ಜಿಯಲ್ಲಿ "ಬೇರೆ ಯಾವುದಾದರೂ ಹೆಸರಿನಿಂದ ಗುರುತಿಸಿಕೊಂಡಿದ್ದೀರಾ" ಅಂತ ಒಂದು ಪ್ರಶ್ನೆ ಬರುತ್ತದೆ. ನಾಚಿಕೆ ಬಿಟ್ಟು ಹೌದು ಅನ್ನಿ, ಎಲ್ಲ ಹೆಸರನ್ನೂ ಬರೆಯಿರಿ. ಹೆಡ್‌ಮಾಸ್ಟರು ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆದ ಹುಟ್ಟಿದ ದಿನ, ಜನನ ಪತ್ರದ ದಿನ ಬೇರೆ ಬೇರೆ ಇದ್ದರೆ ಮಾತ್ರ ವಿವರಣೆ ಸಾಲದು. ಅದನ್ನು ಪಾಸ್‌ಪೋರ್ಟ್ ಹಂತದಲ್ಲೇ ಸರಿ ಮಾಡಿಸಿಕೊಂಡು ಆಮೇಲೆ ಹಾಕುವುದು ಒಳ್ಳೆಯದು.

ಪಂಚಾಯತಿನ ಹಳೆಯ ಜನನ ಪತ್ರ ಬರೀ ಕನ್ನಡದಲ್ಲಿ ಇರುತ್ತದೆ. ಕೆಲವದರಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಹೆಸರು ಸೇರಿಸಿಕೊಂಡು, ಇಂಗ್ಲಿಷ್ ಅನುವಾದ ಮಾಡಿಸಿ. ಆಸ್ಟ್ರೇಲಿಯಾದ ಹೊರಗೆ ಅನುವಾದ ಮಾಡುವವರು ತಮ್ಮ ಪೂರ್ತಿ ಹೆಸರು, ವಿಳಾಸ, ಫೋನ್, ಅನುವಾದದ ಅರ್ಹತೆ ಇಷ್ಟನ್ನೂ ಅದರ ಮೇಲೆ ಬರೆಯಬೇಕು. ಬರೀ ಸೀಲು ಸಾಲದು.

ಡಿಗ್ರಿ ಇರುವವರಿಗೆ ಒಂದು ಮಾತು. ಸುರತ್ಕಲ್‌ನ ಕೆಆರ್‌ಇಸಿ ಎಂಜಿನಿಯರಿಂಗ್ ಕಾಲೇಜು 2002ರಲ್ಲಿ ಎನ್‌ಐಟಿಕೆ ಆಯಿತು. ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಶುರುವಾದದ್ದು 1998ರಲ್ಲಿ, ಅದಕ್ಕೆ ಮೊದಲು ಇಲ್ಲಿಯ ಎಂಜಿನಿಯರಿಂಗ್ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. ನಿಮ್ಮ ಸರ್ಟಿಫಿಕೇಟಿನಲ್ಲಿ ಹಳೆಯ ಹೆಸರಿದ್ದರೆ ಅದೂ ಆ ಒಂದು ಪುಟದಲ್ಲಿ ಬರಲಿ. ಟ್ರಾನ್ಸ್‌ಕ್ರಿಪ್ಟ್‌ಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೋ ಬೆಳಗಾವಿಯ ವಿಟಿಯುಗೋ ಇವತ್ತೇ ಅರ್ಜಿ ಹಾಕಿ. ಅದು ಕೈಗೆ ಬರದೆ ಸ್ಕಿಲ್ ಅಸೆಸ್‌ಮೆಂಟೇ ಶುರುವಾಗುವುದಿಲ್ಲ.

ಹೋಟೆಲಿಗೆ ಬಂದ ಫೋನು

ನಮ್ಮ 7 ತಿಂಗಳಲ್ಲಿ 5 ಹೋದದ್ದು ಇಲ್ಲಿ.

ತಮ್ಮ ಮೊದಲು ಕೆಲಸ ಮಾಡಿದ್ದು ಇಲ್ಲೇ ಒಂದು ಹೋಟೆಲಿನಲ್ಲಿ. 4 ವರ್ಷ. ಮಾಲೀಕರು ಒಳ್ಳೆಯವರು, ಕೇಳಿದ ಕೂಡಲೇ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಕೊಟ್ಟರು. ಒಂದು ಬೆಳಿಗ್ಗೆ ತಿಂಡಿಯ ರಶ್ ಹೊತ್ತಿಗೆ ಹೋಟೆಲಿಗೆ ಫೋನ್ ಬಂತು. ತಮ್ಮ ಅಲ್ಲಿ ಕೆಲಸ ಮಾಡಿದ್ದು ನಿಜವಾ ಅಂತ ವೀಸಾದವರ ವಿಚಾರಣೆ. ಕೌಂಟರಿನಲ್ಲಿ ಹೊಸ ಹುಡುಗ. ಪಾಸ್‌ಪೋರ್ಟಿನ ಉದ್ದ ಹೆಸರು ಹೇಳಿ, ಇವರು ನಿಮ್ಮಲ್ಲಿ ಶೆಫ್ ಆಗಿದ್ದರಾ ಅಂತ ಕೇಳಿದರಂತೆ. ಅವನು ಒಳಗೆ ತಿರುಗಿ ಕೂಗಿದ. ಅಡುಗೆ ಮನೆಯಿಂದ ಉತ್ತರ ಬಂತು, "ಆ ಹೆಸರಿನವರು ಯಾರೂ ಇಲ್ಲ ಮಾರಾಯಾ." ಅದನ್ನೇ ಅವನು ಫೋನಿನಲ್ಲಿ ಹೇಳಿದ, ಇಟ್ಟ. ನನ್ನ ತಮ್ಮನನ್ನು ಆ ಹೋಟೆಲಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಅಣ್ಣು ಅಂತ. ಅವನ ಪಾಸ್‌ಪೋರ್ಟ್ ಹೆಸರು ಮಾಲೀಕರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕೆಲವು ವಾರದ ಮೇಲೆ ಪತ್ರ ಬಂತು. ನೀವು ಹೇಳಿದ ಕೆಲಸದ ಬಗ್ಗೆ ವ್ಯತಿರಿಕ್ತ ಮಾಹಿತಿ ಸಿಕ್ಕಿದೆ, 28 ದಿನದೊಳಗೆ ಉತ್ತರ ಕೊಡಿ ಅಂತ. ಆವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಸುಳ್ಳು ದಾಖಲೆ ಅಂತ ತೀರ್ಮಾನ ಆದರೆ ಅರ್ಜಿ ತಿರಸ್ಕಾರ ಆಗುವುದು ಮಾತ್ರ ಅಲ್ಲ, 3 ವರ್ಷ ಮತ್ತೆ ವೀಸಾ ಸಿಗುವುದೇ ಕಷ್ಟ. ಮಾಲೀಕರ ಅಫಿಡವಿಟ್, ಪಿಎಫ್ ಪಾಸ್‌ಬುಕ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ 19ನೇ ದಿನ ಕಳಿಸಿದೆವು. ಆಮೇಲೆ ಮತ್ತೆ ಮೌನ. ಅವರು ಅದನ್ನು ತೆಗೆದು ನೋಡುವಷ್ಟರಲ್ಲಿ ತಿಂಗಳುಗಳು ಹೋದವು.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ಅನುಭವ ಪತ್ರದಲ್ಲಿ ಕೆಲಸದ ಹೆಸರು, ಶುರು ಮತ್ತು ಕೊನೆಯ ತಾರೀಕು, ವಾರಕ್ಕೆ ಎಷ್ಟು ಗಂಟೆ, ಸಂಬಳ, ದಿನಾ ಏನೇನು ಮಾಡುತ್ತಿದ್ದಿರಿ ಎಲ್ಲ ಇರಬೇಕು. ಸಹಿ ಹಾಕಿದವರ ಹೆಸರು, ಹುದ್ದೆ, ಮೊಬೈಲ್ ನಂಬರ್ ಬೇಕು. ಬರೀ ಲ್ಯಾಂಡ್‌ಲೈನ್ ಕೊಡಬೇಡಿ. "ಪ್ರಾಮಾಣಿಕ, ಕಷ್ಟಜೀವಿ" ಅಂತ ಬರೆದ ಎರಡು ಸಾಲಿನ ಪತ್ರ ಅಲ್ಲಿ ನಡೆಯುವುದಿಲ್ಲ. ಆಮೇಲೆ ಹಳೆಯ ಕೆಲಸದ ಜಾಗಕ್ಕೆ ನೀವೇ ಒಮ್ಮೆ ಹೋಗಿ ಬನ್ನಿ. ಫೋನ್ ಎತ್ತುವವರು ಯಾರು ಅಂತ ನೋಡಿ, ಅವರಿಗೆ ನಿಮ್ಮ ಪೂರ್ತಿ ಹೆಸರು ಹೇಳಿ. ಸುಳ್ಳು ಹೇಳಿಸುವುದಕ್ಕಲ್ಲ, ನಿಜ ಹೇಳುವುದಕ್ಕೂ ಹೆಸರು ಗೊತ್ತಿರಬೇಕಲ್ಲ.

ಕೈಗೆ ಸಂಬಳ ಕೊಡುವ ಜಾಗದಲ್ಲಿ ಕೆಲಸ ಮಾಡಿದವರಿಗೆ ಕಷ್ಟ ಜಾಸ್ತಿ. 20 ಜನರಿಗಿಂತ ಕಡಿಮೆ ಇರುವ ಹೋಟೆಲು, ಗ್ಯಾರೇಜುಗಳಲ್ಲಿ ಪಿಎಫ್ ಸಾಮಾನ್ಯವಾಗಿ ಇರುವುದಿಲ್ಲ. ಈಗ ಕೆಲಸದಲ್ಲಿ ಇರುವವರಾದರೆ ಇವತ್ತೇ ಮಾಲೀಕರ ಹತ್ತಿರ ಮಾತಾಡಿ, ಸಂಬಳ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿ.

ಐಟಿಯವರು ಇನ್ನೊಂದು ಕಡೆ ಜಾರುತ್ತಾರೆ. ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ (ಐಟಿಯವರ ಸ್ಕಿಲ್ ಅಸೆಸ್‌ಮೆಂಟ್ ಮಾಡುವ ಸಂಸ್ಥೆ) ನಿಮ್ಮ ಅನುಭವದಲ್ಲಿ ಮೊದಲ 2 ವರ್ಷವನ್ನೋ 4 ವರ್ಷವನ್ನೋ ಕಳೆದು ಲೆಕ್ಕ ಕೊಡುತ್ತದೆ. ಅವರು ಹಾಗೆ ಕಳೆದುಹಾಕಿದ ವರ್ಷಗಳನ್ನೂ ಸೇರಿಸಿ ಪಾಯಿಂಟ್ ಹಾಕಿಕೊಂಡು ಕರೆ ಪಡೆದರೆ ತಡ ಅಲ್ಲ, ತಿರಸ್ಕಾರವೇ. ಕಟ್ಟಿದ ಫೀ ವಾಪಸ್ ಬರುವುದಿಲ್ಲ, ಮತ್ತು ಅದು ಒಬ್ಬರಿಗೇ ನಾಲ್ಕೂವರೆ ಸಾವಿರ ಆಸ್ಟ್ರೇಲಿಯನ್ ಡಾಲರಿಗಿಂತ ಮೇಲೆ.

ಪಿಸಿಸಿ, ಮೆಡಿಕಲ್: ಬೇಗ ಮಾಡಿದರೂ ತಪ್ಪು

ಉಳಿದ 2 ತಿಂಗಳು ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ತಿಂದಿತು. ಪೊಲೀಸ್ ಕ್ಲಿಯರೆನ್ಸ್ 12 ತಿಂಗಳು ಮಾತ್ರ ನಡೆಯುತ್ತದೆ. ತಮ್ಮ ಉತ್ಸಾಹದಲ್ಲಿ ಇನ್ವಿಟೇಶನ್ ಬರುವ ಮೊದಲೇ ಮಾಡಿಸಿಟ್ಟಿದ್ದ. ಫೈಲು ತೆಗೆಯುವ ಹೊತ್ತಿಗೆ ಅದರ ಅವಧಿ ಮುಗಿದು ಹೋಗಿತ್ತು. ಎರಡನೇ ಸಲ ಮಾಡಿಸುವಾಗ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಕಿನ್ನಿಮೂಲ್ಕಿಯ ಹಳೆಯ ಬಾಡಿಗೆ ಮನೆಯ ವಿಳಾಸ. ಅವನು ಅಲ್ಲಿಂದ ಬಿಟ್ಟು ಎರಡು ವರ್ಷ ಆಗಿತ್ತು. ವಿಳಾಸ ಸರಿ ಮಾಡಿಸಿ, ಮತ್ತೆ ವೆರಿಫಿಕೇಶನ್ ಆಗಿ, ಕೈಗೆ ಬರುವಷ್ಟರಲ್ಲಿ ಎರಡು ತಿಂಗಳು.

ಇನ್ವಿಟೇಶನ್ ಬಂದ ಮೇಲೆ ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ 500 ರೂಪಾಯಿ ಕಟ್ಟಿ ಮಂಗಳೂರು ಕೇಂದ್ರಕ್ಕೋ ಉಡುಪಿಯ ಅಂಚೆ ಕಚೇರಿ ಕೇಂದ್ರಕ್ಕೋ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಅದಕ್ಕೆ ಮೊದಲು ಪಾಸ್‌ಪೋರ್ಟಿನ ವಿಳಾಸ ನೋಡಿ. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಪಾಸ್‌ಪೋರ್ಟನ್ನೇ ಮೊದಲು ಹೊಸದು ಮಾಡಿಸಿ.

ಗಲ್ಫಿನಲ್ಲಿ ಇದ್ದು ಬಂದವರು ಇದನ್ನು ಎರಡು ಸಲ ಓದಿ. ಕಳೆದ 10 ವರ್ಷದಲ್ಲಿ ಯಾವ ದೇಶದಲ್ಲಿ ಒಟ್ಟು 12 ತಿಂಗಳು ಇದ್ದಿರೋ ಆ ದೇಶದ ಪೊಲೀಸ್ ಪತ್ರ ಬೇಕು. ಅಲ್ಲೇ ಇರುವಾಗ ಇದು ಕೆಲವು ದಿನದ ಕೆಲಸ. ಊರಿಗೆ ಬಂದ ಮೇಲೆ ಬೆರಳಚ್ಚು, ಅಟೆಸ್ಟೇಶನ್, ಎಂಬೆಸಿ, ಅಲ್ಲಿರುವ ಗೆಳೆಯನ ಕೈಕಾಲು ಹಿಡಿಯುವುದು. ಈಗ ಕುವೈತಿನಲ್ಲೋ ದುಬೈಯಲ್ಲೋ ಇದ್ದು ಮುಂದೆ ಆಸ್ಟ್ರೇಲಿಯಾ ಯೋಚನೆ ಇರುವವರು, ವಿಮಾನ ಹತ್ತುವ ಮೊದಲು ಆ ಪತ್ರ ತರಿಸುವ ದಾರಿ ಯಾವುದು ಅಂತ ವಿಚಾರಿಸಿಕೊಂಡು ಬನ್ನಿ. ಹಳೆಯ ಐಡಿ, ವೀಸಾ ಪುಟ, ಕೆಲಸದ ಕಾಂಟ್ರಾಕ್ಟ್ ಬಿಸಾಡಬೇಡಿ.

ಫಾರ್ಮ್ 80 ಎನ್ನುವ ಉದ್ದದ ಫಾರ್ಮೂ ಇದೇ ಹೊತ್ತಿಗೆ ಬರುತ್ತದೆ. ಎಲ್ಲಿ ವಾಸ, ಏನು ಕೆಲಸ, ಯಾವ ದೇಶಕ್ಕೆ ಹೋಗಿದ್ದು, ಒಂದು ತಿಂಗಳೂ ಬಿಡದೆ ತುಂಬಬೇಕು. ನಾವು ಹಳೆಯ ಎರಡು ಪಾಸ್‌ಪೋರ್ಟ್ ಊಟದ ಮೇಜಿನ ಮೇಲೆ ಇಟ್ಟುಕೊಂಡು, ಮಸುಕಾದ ಸ್ಟ್ಯಾಂಪುಗಳನ್ನು ಮೊಬೈಲ್ ಟಾರ್ಚಿನಲ್ಲಿ ಓದುತ್ತಾ ಒಂದು ಇಡೀ ಭಾನುವಾರ ಕಳೆದೆವು. ಕೆಲಸ ಇಲ್ಲದೆ ಮನೆಯಲ್ಲಿ ಇದ್ದ 4 ತಿಂಗಳನ್ನು ಬಿಡೋಣ ಅಂತ ತಮ್ಮ ಹೇಳಿದ. ಬಿಡಬೇಡಿ. "ಕೆಲಸ ಹುಡುಕುತ್ತಿದ್ದೆ, ಮನೆಯವರು ನೋಡಿಕೊಂಡರು" ಅಂತ ಬರೆದರೆ ಯಾರೂ ಏನೂ ಅನ್ನುವುದಿಲ್ಲ. ಹಡಗಿನಲ್ಲಿ ಕೆಲಸ ಮಾಡಿದವರು ತಮ್ಮ ಹಡಗಿನ ಕೆಲಸದ ದಾಖಲೆ ಇರುವ ಸಿಡಿಸಿ ಪುಸ್ತಕ ನೋಡಿಕೊಂಡೇ ತುಂಬಿ.

ಮೆಡಿಕಲ್‌ಗೆ ಮನೆಯ ಡಾಕ್ಟರು ಆಗುವುದಿಲ್ಲ. ಇಲಾಖೆಯ ಪಟ್ಟಿಯಲ್ಲಿ ಇರುವ ಕ್ಲಿನಿಕ್ಕೇ ಬೇಕು. ನಾವು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಮಾಡಿಸಿ ಬಂದೆವು. ಇದೂ ಸಾಮಾನ್ಯವಾಗಿ 12 ತಿಂಗಳು. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಟಿಬಿ ಕಲೆ ಕಂಡರೆ ಕಫ ಪರೀಕ್ಷೆಗೆ ಹೇಳುತ್ತಾರೆ, ಕಲ್ಚರ್ ಬೆಳೆಯಲು ವಾರಗಟ್ಟಲೆ ಬೇಕು. ಹೆಂಡತಿ ಗರ್ಭಿಣಿ ಆಗಿದ್ದರೆ ಸಾಮಾನ್ಯವಾಗಿ ಎಕ್ಸ್‌ರೇಯನ್ನು ಹೆರಿಗೆಯವರೆಗೆ ಮುಂದಕ್ಕೆ ಹಾಕುತ್ತಾರೆ, ಇಡೀ ಮನೆಯ ವೀಸಾ ಅಲ್ಲಿಯವರೆಗೆ ನಿಲ್ಲುತ್ತದೆ. ಇದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ.

ಹಾಕಿ ಆದ ಮೇಲೆ ಏನು ನೋಡಬೇಕು

ಇಮ್ಮಿಅಕೌಂಟ್‌ನಲ್ಲಿ (ಇಲಾಖೆಯ ಸೈಟಿನಲ್ಲಿ ನಿಮ್ಮ ಅರ್ಜಿಯ ಖಾತೆ) "ರಿಸೀವ್ಡ್" ಅಂತ ತಿಂಗಳುಗಟ್ಟಲೆ ಇರುತ್ತದೆ. ಅದು ಮಾಮೂಲಿ. ಸೈಟಿನಲ್ಲಿ ಕಾಣುವ ಕಾಲದ ಲೆಕ್ಕವನ್ನು ಹೇಗೆ ಓದಬೇಕು ಅಂತ ಮಾತ್ರ ತಿಳಿದುಕೊಳ್ಳಿ. ನೂರಕ್ಕೆ 50 ಅರ್ಜಿ ಇಷ್ಟರೊಳಗೆ, 90 ಅರ್ಜಿ ಇಷ್ಟರೊಳಗೆ ಮುಗಿದವು ಅಂತ ಹಾಕಿರುತ್ತಾರೆ. ಅದು ಇತ್ತೀಚೆಗೆ ಮುಗಿದ ಫೈಲುಗಳ ಲೆಕ್ಕ. ನಿಮ್ಮ ಹಾಗೆ ಇನ್ನೂ ಕೂತಿರುವವರು ಅದರಲ್ಲಿ ಇಲ್ಲ. ಸಂಖ್ಯೆ ಒಮ್ಮೆಲೇ ಏರಿದರೆ, ಹಳೆಯ ಫೈಲುಗಳನ್ನು ಖಾಲಿ ಮಾಡುತ್ತಿದ್ದಾರೆ ಅಂತಲೂ ಇರಬಹುದು. 90ರ ಸಾಲು ದಾಟುವವರೆಗೆ ನಿಮ್ಮದು ಲೇಟು ಅಂತ ಲೆಕ್ಕಕ್ಕೇ ಇಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಯಾರದ್ದೋ ಗ್ರ್ಯಾಂಟ್, ಅಂದರೆ ವೀಸಾ ಮಂಜೂರಾತಿ, ಬಂತು ಅಂತ ಓದಿ ಹೊಟ್ಟೆ ಉರಿಸಿಕೊಳ್ಳಬೇಡಿ. ತಮ್ಮನ ಫೋನಿನಿಂದ ಮೂರು ಗ್ರೂಪ್ ನಾನೇ ತೆಗೆದೆ.

ಪತ್ರ ಬಂದರೆ, 28 ದಿನ

ಹೆಚ್ಚಿನ ದಾಖಲೆ ಕೇಳಿ ಪತ್ರ ಬಂದರೆ ಸಾಮಾನ್ಯವಾಗಿ 28 ದಿನ ಸಮಯ. ಇಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಸ್ಪ್ಯಾಮ್ ಮತ್ತು ಇಮ್ಮಿಅಕೌಂಟ್ ಎರಡನ್ನೂ ನೋಡಿ. 28 ದಿನದಲ್ಲಿ ದಾಖಲೆ ಸಿಗುವ ಹಾಗಿಲ್ಲದಿದ್ದರೆ ಸುಮ್ನೆ ಕೂರಬೇಡಿ. ಅರ್ಜಿ ಹಾಕಿದ ರಸೀದಿ, ಅಪಾಯಿಂಟ್‌ಮೆಂಟ್ ಚೀಟಿ ಅಪ್‌ಲೋಡ್ ಮಾಡಿ, ಇಂಥ ದಿನಕ್ಕೆ ಸಿಗುತ್ತದೆ, ಸಮಯ ಕೊಡಿ ಅಂತ ಬರೆಯಿರಿ. ಕೇಳಿದ್ದನ್ನು ಮಾತ್ರ ಕೊಡಿ, ಫೈಲಿನ ಹೆಸರು ಸ್ಪಷ್ಟ ಇರಲಿ. ಕ್ಯಾಮ್‌ಸ್ಕ್ಯಾನ್ ಅಂತ ಬರುವ ಹೆಸರಿನಲ್ಲಿ 40 ಫೈಲು ಹಾಕಿದರೆ ಅವರಿಗೆ ಯಾವುದು ಏನು ಅಂತ ಹೇಗೆ ಗೊತ್ತಾಗಬೇಕು?

ಕಾಯುವಾಗ ಮನೆಯಲ್ಲಿ ಏನಾದರೂ ಆದರೆ

ಎರಡು ವರ್ಷ ಅಂದರೆ ಮನೆಯಲ್ಲಿ ಏನಾದರೂ ಆಗಿಯೇ ಆಗುತ್ತದೆ. ಮದುವೆ, ಮಗು, ಹೊಸ ಪಾಸ್‌ಪೋರ್ಟ್, ಕೆಲಸ ಬದಲಾವಣೆ. ಎಲ್ಲವನ್ನೂ ತಿಳಿಸಬೇಕು. ಮಗು ಹುಟ್ಟಿದರೆ ಫಾರ್ಮ್ 1022 ಜೊತೆ ಜನನ ಪತ್ರ, ಪಾಸ್‌ಪೋರ್ಟ್. ಮದುವೆ ಆಗಿ ಸಂಗಾತಿಯನ್ನು ಸೇರಿಸಬೇಕಾದರೆ ಫಾರ್ಮ್ 1436, ಜೊತೆಗೆ ಫೀ. ಇದು ತೀರ್ಮಾನ ಬರುವ ಮೊದಲು ಆಗಬೇಕು. ಗ್ರ್ಯಾಂಟ್ ಬಂದ ಮೇಲೆ ಸೇರಿಸಲು ಆಗುವುದಿಲ್ಲ, ಆಮೇಲೆ ಪಾರ್ಟ್‌ನರ್ ವೀಸಾ ಅಂತ ಬೇರೆಯೇ ದಾರಿ, ಬೇರೆಯೇ ಕಾಯುವಿಕೆ. "ಹುಡುಗನಿಗೆ ಆಸ್ಟ್ರೇಲಿಯಾ ಆಗಿದೆ" ಅಂತ ಹೇಳಿ ಸಂಬಂಧ ಕುದುರಿಸುವ ಹಿರಿಯರಿಗೆ ಇದನ್ನು ಓದಿ ಹೇಳಿ. ಇಒಐ ಹಾಕಿದ್ದು ಅಂದರೆ ಆದದ್ದಲ್ಲ.

ಕೆಲಸ ಬಿಡಬೇಡಿ. ಗ್ರ್ಯಾಂಟ್ ಪತ್ರ ಕೈಗೆ ಬರುವವರೆಗೆ ಗಾಡಿ, ಜಾಗ ಮಾರಬೇಡಿ. ಊರಿನಿಂದ ಹಾಕಿದವರಿಗೆ ತೀರ್ಮಾನ ಬರುವವರೆಗೆ ಅಲ್ಲಿ ಇರಲು ಕೊಡುವ ಬ್ರಿಡ್ಜಿಂಗ್ ವೀಸಾ ಸಿಗುವುದಿಲ್ಲ, ಅದು ಆಸ್ಟ್ರೇಲಿಯಾ ಒಳಗೆ ಇದ್ದು ಹಾಕಿದವರಿಗೆ.

ಯಾರಿಗೆ ಬರೆಯಬಹುದು, ಯಾರಿಗೆ ದುಡ್ಡು ಕೊಡಬಾರದು

90ರ ಸಾಲು ದಾಟಿದ ಮೇಲೆ ಇಲಾಖೆಯ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಒಮ್ಮೆ ಬರೆಯಿರಿ. ಅರ್ಜಿ ಸಂಖ್ಯೆ, ಹಾಕಿದ ದಿನ, ಕೊನೆಯ ದಾಖಲೆ ಕೊಟ್ಟ ದಿನ, ಎಲ್ಲ ಆರು ಸಾಲಿನೊಳಗೆ. ಅದಕ್ಕೆ ಸರಿಯಾದ ಉತ್ತರ ಬರದಿದ್ದರೆ ಆಮೇಲೆ ಕಾಮನ್‌ವೆಲ್ತ್ ಒಂಬುಡ್ಸ್‌ಮನ್. ಅದು ಅಲ್ಲಿಯ ಸರ್ಕಾರಿ ಇಲಾಖೆಗಳ ಮೇಲಿನ ದೂರು ನೋಡುವ ಕಚೇರಿ, ಮೊದಲು ಇಲಾಖೆಗೆ ದೂರು ಕೊಟ್ಟಿದ್ದೀರಾ ಅಂತ ಅವರು ಕೇಳುತ್ತಾರೆ. ವಾರಕ್ಕೊಂದು ಇಮೇಲ್ ಹಾಕಿದರೆ ಏನೂ ಆಗುವುದಿಲ್ಲ. ನಾನು ಹಾಕಿ ನೋಡಿದ್ದೇನೆ, ಪ್ರತಿ ಸಲ ಅದೇ ಅಚ್ಚಿನ ಉತ್ತರ.

"ಒಳಗೆ ಜನ ಇದ್ದಾರೆ, ಐವತ್ತು ಸಾವಿರ ಕೊಟ್ಟರೆ ಫೈಲು ಮೇಲೆ ಬರ್ತದೆ" ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಆ ಕ್ಯೂಗೆ ಹಿಂಬಾಗಿಲು ಇಲ್ಲ. ಆಸ್ಟ್ರೇಲಿಯಾದ ನೋಂದಾಯಿತ ಏಜೆಂಟ್‌ಗೆ ಎಂಎಆರ್‌ಎನ್ ಎನ್ನುವ ನಂಬರ್ ಇರುತ್ತದೆ, ಅದನ್ನು ಅವರ ನೋಂದಣಿ ಸೈಟಿನಲ್ಲಿ ಹುಡುಕಿ ನೋಡಬಹುದು. ಬೋರ್ಡಿನಲ್ಲಿ ಕಾಂಗರೂ ಚಿತ್ರ ಇದ್ದರೆ ನಂಬರ್ ಇದೆ ಅಂತ ಅಲ್ಲ. ಏಜೆಂಟ್ ಮೂಲಕ ಹಾಕಿದ್ದರೂ ಯಾವ ಇಮೇಲ್ ಕೊಟ್ಟಿದ್ದಾರೆ ಅಂತ ಕೇಳಿ, ಹಾಕಿದ ಅರ್ಜಿಯ ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ. ಪತ್ರ ಅವರಿಗೆ ಬಂದು, ಅವರು ಊರಲ್ಲಿ ಇಲ್ಲದೆ, 28 ದಿನ ಕಳೆದ ಕಥೆಯನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ.

ನ್ಯೂಜಿಲೆಂಡ್ ಯೋಚಿಸುವವರಿಗೆ

ಅಲ್ಲಿಯ ಸ್ಕಿಲ್ಡ್ ಮೈಗ್ರಂಟ್ ವಿಭಾಗಕ್ಕೆ 2023ರ ಅಕ್ಟೋಬರ್ 9ರಿಂದ 6 ಪಾಯಿಂಟಿನ ಲೆಕ್ಕ ಬಂತು. ಅಲ್ಲಿ ಮಾನ್ಯತೆ ಇರುವ ಮಾಲೀಕರ ಕೆಲಸವೋ ಆಫರೋ ಕೈಯಲ್ಲಿ ಇರಬೇಕು. ಪಿಸಿಸಿ ಹಾಕುವ ದಿನಕ್ಕೆ 6 ತಿಂಗಳಿಗಿಂತ ಹೊಸದು, ಮೆಡಿಕಲ್ 3 ತಿಂಗಳಿಗಿಂತ ಹೊಸದು ಇರಬೇಕು, ಆಸ್ಟ್ರೇಲಿಯಾದ 12 ತಿಂಗಳ ಲೆಕ್ಕ ಇಲ್ಲಿ ಹಿಡಿಯಬೇಡಿ. ಕೊರೊನಾ ಹೊತ್ತಿಗೆ, 2020ರಲ್ಲಿ, ಅವರು ಇಒಐ ಆಯ್ಕೆಯನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 2022ರ ನವೆಂಬರ್‌ನಲ್ಲಿ. ಕೆನಡಾ ಅಂತೂ 2012ರಲ್ಲಿ, 2008ರ ಫೆಬ್ರವರಿ 27ಕ್ಕೆ ಮೊದಲು ಹಾಕಿ ಬಾಕಿ ಉಳಿದಿದ್ದ ಸ್ಕಿಲ್ಡ್ ವರ್ಕರ್ ಅರ್ಜಿಗಳನ್ನು ಫೀ ವಾಪಸ್ ಕೊಟ್ಟು ಮುಚ್ಚಿಬಿಟ್ಟಿತು. ಒಂದೇ ದೇಶವನ್ನು ನಂಬಿ ಇಲ್ಲಿಯ ಬಾಗಿಲೆಲ್ಲ ಮುಚ್ಚಿಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಗ್ರ್ಯಾಂಟ್ ಬಂದ ದಿನ

ಕ್ಯಾನ್‌ಬೆರಾದಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ನಸುಕಿನ ನಾಲ್ಕೂವರೆ, ಅವರ ಬೇಸಿಗೆಯಲ್ಲಿ ಮೂರೂವರೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರ ಆಫೀಸ್ ಮುಚ್ಚಿರುತ್ತದೆ. ಹಾಗಾಗಿ ರಾತ್ರಿ ಹತ್ತಕ್ಕೆ ಇಮೇಲ್ ರಿಫ್ರೆಶ್ ಮಾಡುತ್ತಾ ಕೂರುವುದು ದಂಡ. ತಮ್ಮನದು ಬಂದದ್ದು ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ, ಅಪ್ಪ ಡೈರಿಗೆ ಹಾಲು ಹಾಕಿ ಇನ್ನೂ ಅಂಗಳಕ್ಕೆ ಕಾಲಿಟ್ಟಿದ್ದರಷ್ಟೆ.

ಕುಣಿದು ಮುಗಿಸಿದ ಮೇಲೆ ಪತ್ರವನ್ನು ಸಾಲು ಸಾಲಾಗಿ ಓದಿ. ಹೆಸರಿನ ಅಕ್ಷರ, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್. ಯಾವ ದಿನದೊಳಗೆ ಮೊದಲ ಸಲ ಆಸ್ಟ್ರೇಲಿಯಾಕ್ಕೆ ಕಾಲಿಡಬೇಕು ಅಂತ ಅದರಲ್ಲಿ ಇರುತ್ತದೆ, ಅದು ತಪ್ಪಬಾರದು. ನಡುವೆ ಪಾಸ್‌ಪೋರ್ಟ್ ಬದಲಾಗಿದ್ದರೆ ಹೊಸ ನಂಬರನ್ನು ಇಮ್ಮಿಅಕೌಂಟ್‌ನಲ್ಲಿ ಹಾಕಿ, ವೀಸಾ ವಿವರ ನೋಡುವ ವೀವೊ ಸೈಟಿನಲ್ಲಿ ಸರಿಯಾಗಿ ಕಾಣುತ್ತದಾ ನೋಡಿ, ಆಮೇಲೆ ಟಿಕೆಟ್. ತಮ್ಮನ ಪತ್ರದಲ್ಲಿ ಹಳೆಯ ನಂಬರೇ ಇತ್ತು. ನೋಡದೆ ಹೋಗಿದ್ದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ತಡಕಾಡಬೇಕಿತ್ತು.

ಆ ಹೋಟೆಲಿನ ಫೋನಿನ ಪಕ್ಕದ ಗೋಡೆಯಲ್ಲಿ ಮಾಲೀಕರು ಒಂದು ಚೀಟಿ ಅಂಟಿಸಿದ್ದಾರೆ. ಅಣ್ಣು ಅಂತ ಬರೆದು, ಮುಂದೆ ತಮ್ಮನ ಪಾಸ್‌ಪೋರ್ಟ್ ಹೆಸರು, ಕೆಲಸ ಮಾಡಿದ ವರ್ಷಗಳು. ಮೊನ್ನೆ ಮಸಾಲೆ ದೋಸೆ ತಿನ್ನಲು ಹೋದಾಗ ನೋಡಿದೆ, ಅದರ ಕೆಳಗೆ ಇನ್ನೂ ಎರಡು ಹೆಸರು ಸೇರಿವೆ.